ಸಿಲಿಕಾನನ್ನು ನಂಬದೆ ಕೂರಿಸಿದ ಸ್ಕೈಲೈಟ್

ನಮ್ಮ ಮನೆಯ ಸ್ಕೈಲೈಟ್, ಅಂದರೆ ತಾರಸಿಯ ಗಾಜಿನ ಬೆಳಕಿಂಡಿ, ಸೋರುವುದು ನಿಂತಿದೆ. ಗಾಳಿಯೊಡನೆ ಓರೆಯಾಗಿ ಬಡಿಯುವ ಮಳೆಯನ್ನೂ, ದಿನಗಟ್ಟಲೆ ಹಿಡಿದ ಜಡಿಮಳೆಯನ್ನೂ ಅದು ತಡೆದುಕೊಂಡಿದೆ. ಗಾಜಿನ ಕೆಳ ಅಂಚಿಗೆ ಸಿಲಿಕಾನ್ ಅಂಟು ಹಚ್ಚುವುದೇ ಇಲ್ಲ ಎಂದು ನಾನು ಹೇಳಿದಾಗ ಮೇಸ್ತ್ರಿ ಒಪ್ಪಿರಲಿಲ್ಲ. ಚೌಕಟ್ಟು ಮಾಡಿದ ಫ್ಯಾಬ್ರಿಕೇಟರ್ ಅಂತೂ, "ಸಾರ್, ನೀವು ಹೇಳಿದ ಹಾಗೆಯೇ ಮಾಡಿಕೊಡುತ್ತೇನೆ, ಆದರೆ ಸೋರಿದರೆ ನನ್ನನ್ನು ಕೇಳಬಾರದು" ಎಂದು ಮೊದಲೇ ಕೈತೊಳೆದುಕೊಂಡಿದ್ದರು. ಈಗ ಅವರೇ ಬೇರೆ ಮನೆಗಳಿಗೆ ಅದೇ ನಮೂನೆಯ ಚೌಕಟ್ಟು ಮಾಡುತ್ತಿದ್ದಾರೆ. ತಾರಸಿಯಲ್ಲಿ ಬೆಳಕಿಂಡಿ ಇಟ್ಟುಕೊಂಡು ವರ್ಷವರ್ಷವೂ ಅಂಟು ಬಳಿಸುತ್ತಿರುವವರಿಗೆ ನೆರವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲಿದ್ದದ್ದು ಮನೆ ಕಟ್ಟುವಾಗ ಗುತ್ತಿಗೆದಾರರು ಹಾಕಿಕೊಟ್ಟದ್ದು. ಸ್ಲ್ಯಾಬಿನ ತೂತಿನ ಸುತ್ತ ಎರಡು ಇಂಚಿನ ಅಂಚು, ಅದರ ಮೇಲೆ ಅಲ್ಯೂಮಿನಿಯಂ ಚೌಕಟ್ಟು, ಮಟ್ಟಸವಾಗಿ ಮಲಗಿಸಿದ ಗಾಜು, ಸುತ್ತಲೂ ಬೆರಳು ದಪ್ಪದ ಸಿಲಿಕಾನ್. ಮೊದಲ ವರ್ಷ ಏನೂ ಆಗಲಿಲ್ಲ. ಎರಡನೆಯ ವರ್ಷದಿಂದ ಒಂದು ಮೂಲೆಯಲ್ಲಿ ತೊಟ್ಟಿಕ್ಕತೊಡಗಿತು. ಕೆರೆದು ಹೊಸ ಅಂಟು ಹಾಕಿದರು. ಇನ್ನೊಂದು ಮೂಲೆ ಬಿಟ್ಟುಕೊಂಡಿತು. ಹೀಗೆ ನಾಲ್ಕೈದು ವರ್ಷ ಕೆರೆಸಿ ಬಳಿಸಿದ ಕೂಲಿ, ನಡುವೆ ಎರಡು ಸಲ ಒಳಗಿನ ಸೂರಿಗೆ ಬಣ್ಣ ಹೊಡೆಸಿದ ಖರ್ಚು ಎಲ್ಲ ಸೇರಿಸಿದರೆ ಹೊಸ ಸ್ಕೈಲೈಟಿಗೆ ತಗುಲಿದ್ದರ ಅರ್ಧವನ್ನು ದಾಟುತ್ತದೆ. ಆ ದುಡ್ಡಿಗೆ ಏನೂ ಸಿಗಲಿಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ಅಂಟು ಯಾಕೆ ನಿಲ್ಲುವುದಿಲ್ಲ ಎನ್ನುವುದಕ್ಕೆ ಲೆಕ್ಕ ಸುಲಭ. ಒಂದೂವರೆ ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ 40 ಡಿಗ್ರಿ ಏರಿಳಿತಕ್ಕೆ ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗುತ್ತದೆ, ಅಷ್ಟೇ ಉದ್ದದ ಗಾಜು ಅರ್ಧ ಮಿಲಿಮೀಟರ್. ಈ ವ್ಯತ್ಯಾಸವನ್ನು ಅಂಟು ದಿನವೂ ಹಗಲು ರಾತ್ರಿ ಎಳೆಸಿಕೊಳ್ಳಬೇಕು. ಅದು ಗಾಜಿಗೂ ಚೌಕಟ್ಟಿಗೂ ಮಾತ್ರವಲ್ಲದೆ ತಳಕ್ಕೂ ಅಂಟಿಕೊಂಡಿದ್ದರೆ ಹಿಗ್ಗಲು ಜಾಗವಿಲ್ಲದೆ ಹರಿಯುತ್ತದೆ. ತಳಕ್ಕೆ ಫೋಮ್ ಹಗ್ಗ ತುಂಬಿ, ಆಳ ಅಗಲದ ಅರ್ಧದಷ್ಟಿರುವಂತೆ ಹಚ್ಚಿದರೆ ಬಾಳಿಕೆ ಹೆಚ್ಚು. ನಮ್ಮಲ್ಲಿ ಅದನ್ನು ಮಾಡಿರಲಿಲ್ಲ. ಸಾಲದ್ದಕ್ಕೆ ವಿನೆಗರ್ ವಾಸನೆಯ ಅಗ್ಗದ ಸಿಲಿಕಾನನ್ನು ಸಿಮೆಂಟಿನ ಮೇಲೆ ಹಾಕಿದ್ದರು. ಅದು ಸಿಮೆಂಟನ್ನು ಹಿಡಿಯುವುದಿಲ್ಲ, ಲೋಹಕ್ಕೂ ತುಕ್ಕು ಹಿಡಿಸುತ್ತದೆ. ಬೇಕಾದ್ದು ಆ ಹುಳಿ ವಾಸನೆಯಿಲ್ಲದ ನ್ಯೂಟ್ರಲ್ ಬಗೆಯದು. ಸಿಲಿಕಾನಿನ ಮೇಲೆ ನನಗೆ ದ್ವೇಷವಿಲ್ಲ. ನೀರು ನಿಲ್ಲುವ ಜಾಗಕ್ಕೆ ಅದನ್ನು ಕಾವಲಿಡುವುದು ತಪ್ಪು, ಅಷ್ಟೇ.

ನಾನು ಮಾಡಿದ್ದು ತೂತಿನ ಸುತ್ತಲಿನ ಅಂಚನ್ನು ಕಟ್ಟೆಯಾಗಿ ಎತ್ತರಿಸುವ ಕೆಲಸ. ಮುಗಿದ ತಾರಸಿಯ ಮೇಲ್ಮೈಯಿಂದ ಆರು ಇಂಚು ಸಾಕು ಎನ್ನುತ್ತಾರೆ. ನಾನು ಒಂಬತ್ತರ ಹತ್ತಿರ ಕೊಟ್ಟೆ. 'ಮುಗಿದ' ಎನ್ನುವುದನ್ನು ಒತ್ತಿ ಹೇಳುತ್ತೇನೆ. ಸ್ಲ್ಯಾಬಿನಿಂದ ಅಳೆದವರ ಕಟ್ಟೆ ಇಳಿಜಾರಿನ ಗಾರೆ, ಜಲನಿರೋಧಕ ಪದರ, ಟೈಲ್ಸ್ ಎಲ್ಲ ಬಿದ್ದ ಮೇಲೆ ಮೂರು ಇಂಚು ಕುಗ್ಗಿರುತ್ತದೆ. ಕಟ್ಟೆ ಮತ್ತು ತಾರಸಿ ಕೂಡುವ ಮೂಲೆಯನ್ನು ಗಾರೆಯಿಂದ ಗುಂಡಗೆ ಮಾಡಿ, ಜಲನಿರೋಧಕವನ್ನು ಕಟ್ಟೆಯ ಮೈಮೇಲೆ ಹತ್ತಿಸಿ, ತಲೆಯ ಮೇಲಿಂದ ಒಳಮುಖಕ್ಕೂ ಸ್ವಲ್ಪ ಇಳಿಸಿದೆವು. ನಾಲ್ಕೂ ಮೂಲೆಗೆ ಹೆಚ್ಚುವರಿ ತೇಪೆ. ತಾರಸಿಯ ನೀರು ಹರಿದುಬರುವ ಕಡೆ ಕಟ್ಟೆಯ ಬೆನ್ನಿಗೆ ಎರಡೂ ಪಕ್ಕಕ್ಕೆ ಇಳಿಯುವ ಸಣ್ಣ ದಿಬ್ಬ ಮಾಡಿಸಿದೆ, ಇಲ್ಲದಿದ್ದರೆ ಅಲ್ಲಿ ನೀರೂ ಕಸವೂ ನಿಂತುಬಿಡುತ್ತವೆ.

ಗಾಜು ಬರುವ ಮೊದಲೇ ಕಟ್ಟೆಯ ಸುತ್ತ ನೀರು ಕಟ್ಟಿ ಒಂದು ಹಗಲು ಒಂದು ರಾತ್ರಿ ಬಿಟ್ಟೆ. ಇದನ್ನು ಹೆಚ್ಚಿನವರು ಮಾಡುವುದಿಲ್ಲ. ಎಲ್ಲ ಮುಗಿದ ಮೇಲೆ ನೀರು ಹೊಡೆದು ನೋಡಿದರೆ ಸೋರಿದ್ದು ಗಾಜೋ ಕಟ್ಟೆಯೋ ಗೊತ್ತಾಗದೆ ಮೇಸ್ತ್ರಿಯೂ ಫ್ಯಾಬ್ರಿಕೇಟರೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ, ನಡುವೆ ದುಡ್ಡು ಕೊಡುವವರು ನಾವು.

ಗಾಜಿಗೆ ಹತ್ತು ಡಿಗ್ರಿಯ ಹತ್ತಿರ ಓರೆ ಕೊಟ್ಟೆ, ಅಂದರೆ ಮೀಟರಿಗೆ ಹದಿನೇಳು ಹದಿನೆಂಟು ಸೆಂಟಿಮೀಟರ್. ಚೌಕಟ್ಟು ಕಟ್ಟೆಯ ಮೇಲೆ ಡಬ್ಬಿಯ ಮುಚ್ಚಳದಂತೆ ಕೂರುತ್ತದೆ: ಸುತ್ತ ಎರಡು ಇಂಚು ಹೊರಚಾಚಿ, ಕೆಳಕ್ಕೆ ಬಾಗಿದ ಅಂಚು. ಮೇಲಂಚಿಗೂ ಎರಡು ಪಕ್ಕಕ್ಕೂ ಬಿಸಿಲು ಮಳೆ ತಾಳುವ ಇ.ಪಿ.ಡಿ.ಎಂ. ರಬ್ಬರ್. ಕೆಳ ಅಂಚಿಗೆ ಮೇಲುಪಟ್ಟಿ ಇಲ್ಲ, ಏಕೆಂದರೆ ಆ ಪಟ್ಟಿಯೇ ಅಣೆಕಟ್ಟಾಗಿ ಧೂಳನ್ನೂ ನೀರನ್ನೂ ಹಿಡಿದಿಡುತ್ತದೆ. ಗಾಜು ಜಾರದಂತೆ ಎರಡು ಸಣ್ಣ ತಡೆಗಳಿವೆ. ಉಳಿದಂತೆ ಅಂಚು ತೆರೆದಿದೆ. ಅದರಡಿಯ ಸಂದಿಗೆ ಹುಳ ಬಾರದಂತೆ ಸೊಳ್ಳೆ ಜಾಲರಿ. ಹೇಗಾದರೂ ಒಳಬಂದ ನೀರು ಚೌಕಟ್ಟಿನ ಒಳಗಾಲುವೆಗೆ ಬಿದ್ದು, ಆ ಸಂದಿಯಿಂದ ಹೊರಗೆ ಹೋಗುತ್ತದೆ. ಮೇಸ್ತ್ರಿ ಮುಚ್ಚಬೇಕೆಂದು ಹಟ ಹಿಡಿದದ್ದು ಇದೇ ಸಂದಿಯನ್ನು. ಮುಚ್ಚಿದ್ದರೆ ನೀರಿಗೆ ಉಳಿಯುತ್ತಿದ್ದ ದಾರಿ ಮನೆಯ ಒಳಗಿನದೊಂದೇ. ಕೆಳಬಾಗಿದ ಅಂಚಿಗೆ ಗಾಳಿ ನೀರನ್ನು ಮೇಲಕ್ಕೆ ತಳ್ಳದಂತೆ ಒಂದು ಮಡಿಕೆ ಕೊಟ್ಟಿದ್ದೇನೆ. ಅದರ ಅಳತೆಯನ್ನು ಇಲ್ಲಿ ಬರೆಯುವುದಿಲ್ಲ. ಬಹಳ ಕಷ್ಟಪಟ್ಟು ಕಂಡುಕೊಂಡದ್ದು ಅದು, ಸದ್ಯಕ್ಕೆ ನನ್ನಲ್ಲಿಯೇ ಇರಲಿ.

ಗಾಜು ಕೂರಿಸಿದ ಕೆಲವೇ ದಿನಗಳಲ್ಲಿ ಒಂದು ಬೆಳಗ್ಗೆ ಒಳಗೆ ಹನಿ ಬಿತ್ತು. "ನಾನು ಹೇಳಲಿಲ್ಲವೇ?" ಎಂದರು ಮೇಸ್ತ್ರಿ. ಆದರೆ ಹಿಂದಿನ ರಾತ್ರಿ ಮಳೆಯೇ ಇರಲಿಲ್ಲ, ಆಕಾಶ ತಿಳಿಯಾಗಿತ್ತು. ಮನೆಯೊಳಗಿನ ತೇವದ ಬಿಸಿಗಾಳಿ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟಿದ್ದು ಅದು. ಕೊಳವೆ ಹಿಡಿದು ಅವರ ಕಣ್ಣೆದುರೇ ತೋರಿಸಿದೆ: ಒಬ್ಬರು ಒಳಗೆ ನಿಂತು ನೋಡಬೇಕು, ಹೊರಗಿನವರು ತಾರಸಿ ಮಟ್ಟದಿಂದ ಆರಂಭಿಸಿ, ಒಂದೊಂದು ಜಾಗದಲ್ಲಿ ಹತ್ತು ನಿಮಿಷ ನೀರು ಬಿಟ್ಟು, ಮೇಲಮೇಲಕ್ಕೆ ಹೋಗಬೇಕು. ಮೇಲಿನಿಂದ ಆರಂಭಿಸಿದರೆ ಎಲ್ಲಿ ಸೋರಿತೆಂದು ತಿಳಿಯುವುದಿಲ್ಲ. ಒಂದು ಹನಿಯೂ ಒಳಗೆ ಬರಲಿಲ್ಲ. ಎಷ್ಟೋ ಮನೆಗಳಲ್ಲಿ ಈ ಬೆವರನ್ನೇ ಸೋರಿಕೆ ಎಂದುಕೊಂಡು ಅಂಟು ಹಚ್ಚುತ್ತಲೇ ಇದ್ದಾರೆ.

ಮೊದಲಿಗೆ ಒಂಟಿ ಗಾಜು ಹಾಕಿ ಚೌಕಟ್ಟನ್ನು ಪರೀಕ್ಷಿಸಿದ್ದೆ. ಅದು ಗೆದ್ದ ಮೇಲೆ ಜೋಡಿ ಗಾಜಿನ ಮೊಹರಾದ ಯೂನಿಟ್ ತರಿಸಿದೆ, ಹನಿಗಟ್ಟುವುದು ಬಹುತೇಕ ನಿಂತಿತು. ಎರಡು ಗಾಜನ್ನು ನಾವೇ ಜೋಡಿಸಿಕೊಂಡರೆ ಅಗ್ಗ, ಆದರೆ ನಡುವೆ ಮಂಜು ಹಿಡಿದರೆ ಒರೆಸಲು ದಾರಿಯಿಲ್ಲ. ಕೆಳ ಅಂಚಿಗೆ ಬಿಸಿಲು ತಾಗುವುದರಿಂದ ಅದನ್ನು ತಾಳುವ ಸೀಲ್ ಇರುವ ಯೂನಿಟ್ಟನ್ನೇ ಹೇಳಿ ಮಾಡಿಸಬೇಕು. ಒಳಗಿನ ಗಾಜು ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರವಿಟ್ಟು ಅಂಟಿಸಿದ್ದು) ಆಗಿರಲೇಬೇಕು, ಇದರಲ್ಲಿ ರಾಜಿ ಇಲ್ಲ. ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜು ಬಲವಾದದ್ದು ನಿಜ. ಆದರೆ ಅದರೊಳಗೆ ನಿಕಲ್ ಸಲ್ಫೈಡ್ ಕಣ ಸೇರಿದ್ದರೆ ಏಟು ಬೀಳದೆಯೂ ಒಡೆಯಬಲ್ಲದು, ಒಡೆದರೆ ಚೂರೆಲ್ಲ ತಲೆಯ ಮೇಲೆ. ಲ್ಯಾಮಿನೇಟೆಡ್ ಆದರೆ ಒಡೆದರೂ ನಡುವಿನ ಪದರ ಚೂರುಗಳನ್ನು ಹಿಡಿದುಕೊಳ್ಳುತ್ತದೆ.

ನೆನಪಿನಿಂದ ಹೇಳುವುದಾದರೆ ಒಟ್ಟು ಖರ್ಚಿನಲ್ಲಿ ಗಾಜಿಗೆ ಐದರಲ್ಲಿ ಎರಡು ಪಾಲು, ಚೌಕಟ್ಟಿಗೆ ಕಾಲು ಭಾಗ, ಉಳಿದದ್ದು ಕಟ್ಟೆ, ಜಲನಿರೋಧಕ ಮತ್ತು ಕೂಲಿಗೆ. ಮೆಟ್ಟಿಲ ಮೇಲೆ ಹೊಸದಾಗಿ ಇನ್ನೊಂದನ್ನು ಕೊರೆಸಿದಾಗ ಸ್ಟ್ರಕ್ಚರಲ್ ಎಂಜಿನಿಯರ್ ಸಲಹೆಗೆ ಕೊಟ್ಟದ್ದು ಎಲ್ಲಕ್ಕಿಂತ ಚಿಕ್ಕ ಮೊತ್ತ, ಆದರೂ ಜನ ಮೊದಲು ಉಳಿಸಲು ನೋಡುವುದು ಅದನ್ನೇ. ಮುಖ್ಯ ಕಂಬಿಗಳು ಎತ್ತ ಓಡುತ್ತಿವೆ, ತೂತಿನ ಅಂಚಿಗೆ ಆಸರೆ ಬೇಕೇ ಎಂಬುದನ್ನು ಅವರು ಹೇಳಿದ ಮೇಲೆಯೇ ಸ್ಲ್ಯಾಬಿಗೆ ಕೈ ಹಾಕಿದೆವು. ನಾಲ್ಕು ಮೂಲೆಯಲ್ಲಿ ಮೊದಲು ಗುಂಡಗೆ ಕೋರ್ ಕೊರೆಸಿ, ಆಮೇಲೆ ನಡುವೆ ಕತ್ತರಿಸಬೇಕು. ಹಾಗೆ ಮಾಡಿದರೆ ಬ್ಲೇಡ್ ಗೆರೆ ದಾಟುವುದಿಲ್ಲ, ಚೂಪು ಮೂಲೆಯಿಂದ ಬಿರುಕು ಹೊರಡುವುದೂ ಕಡಿಮೆ. ಸುತ್ತಿಗೆಯಿಂದ ಒಡೆಯಲು ಬಂದವರನ್ನು ನಾನು ವಾಪಸ್ಸು ಕಳುಹಿಸಿದೆ.

ಇದರ ನಡುವೆ ಬಟ್ಟೆ ಒಗೆಯುವ ಜಾಗಕ್ಕೆ ಪಾಲಿಕಾರ್ಬೊನೇಟ್ ಶೀಟ್ (ಒಳಗೆ ಟೊಳ್ಳು ಕೊಳವೆಸಾಲಿರುವ ಪ್ಲಾಸ್ಟಿಕ್ ಹಾಳೆ) ಹಾಕಿ ನೋಡಿದೆ. ಅದು ಗಾಜಿಗಿಂತ ಏಳು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಅದೇ 40 ಡಿಗ್ರಿ ಏರಿಳಿತಕ್ಕೆ ಮೂರು ಮೀಟರಿಗೆ ಎಂಟು ಮಿಲಿಮೀಟರ್ ಹಿಡಿಯಿರಿ. ಸ್ಕ್ರೂ ತೂತನ್ನು ಸಡಿಲವಾಗಿ ಕೊರೆದರೆ ಮಾತ್ರ ಬಿರಿಯುವುದಿಲ್ಲ. ಬಿಸಿಲಿನ ಯು.ವಿ. ಕಿರಣ ತಡೆಯುವ ಲೇಪದ ಮುಖ ಹೊರಗಿರಬೇಕು, ಕೊಳವೆಸಾಲು ಇಳಿಜಾರಿನ ದಿಕ್ಕಿಗಿರಬೇಕು, ಮೇಲಿನ ಬಾಯಿಯನ್ನು ಪೂರ್ತಿ ಮುಚ್ಚಿ ಕೆಳಗಿನದಕ್ಕೆ ಉಸಿರಾಡುವ ಟೇಪ್ ಅಂಟಿಸಬೇಕು. ಕೆಲಸಕ್ಕೇನೋ ಬಂತು, ಆದರೆ ಮಳೆಯ ಸದ್ದು ಮಲಗುವ ಕೋಣೆಗೆ ಹೊಂದುವಂಥದ್ದಲ್ಲ.

ಬೆಳಕಿಗೆ ದೊಡ್ಡ ತೂತೇ ಬೇಕೆಂದೇನಿಲ್ಲ. ಕಿಟಕಿ ಹೆಚ್ಚಿರುವ ಕೋಣೆಗೆ ನೆಲದ ವಿಸ್ತೀರ್ಣದ ಶೇ. 5, ಕಿಟಕಿ ಕಡಿಮೆ ಇದ್ದರೆ ಶೇ. 15 ದಾಟಬಾರದು. ಮೆಟ್ಟಿಲ ಮೇಲಿನದಕ್ಕೆ ಬೆಳಕಿನ ಬಾವಿಯ ಗೋಡೆಗಳನ್ನು ಕೆಳಗೆ ಅಗಲವಾಗುವಂತೆ ಓರೆ ಮಾಡಿಸಿ, ಹೊಳಪಿಲ್ಲದ ಬಿಳಿ ಬಣ್ಣ ಹೊಡೆಸಿದೆ. ಮೊಬೈಲಿನಲ್ಲಿ ಅಳೆದಾಗ ನೆಲದ ಬೆಳಕು ನೇರ ಗೋಡೆಯದಕ್ಕಿಂತ ಒಂದೂವರೆ ಪಟ್ಟು ಬಂತು. ಸೆಕೆಗೆ ಒಳಗಿನ ಪರದೆಯಿಂದ ಹೆಚ್ಚು ಪ್ರಯೋಜನವಿಲ್ಲ, ಬಿಸಿಲು ಆಗಲೇ ಒಳಬಂದಿರುತ್ತದೆ. ಗಾಜಿನ ಹೊರಗೆ ಗೇಣುದ್ದ ಮೇಲೆ ನೆರಳು ಬಲೆ ಕಟ್ಟಿದ ದಿನವೇ ವ್ಯತ್ಯಾಸ ತಿಳಿಯಿತು. ಬಲೆಯ ಕಂಬಗಳನ್ನು ಸ್ವಲ್ಪ ಗಟ್ಟಿಯಾಗಿ ಮಾಡಿಸಿ ಅದನ್ನೇ ಸುತ್ತಲಿನ ಕಟಕಟೆಯನ್ನಾಗಿಯೂ ಬಳಸಿಕೊಂಡಿದ್ದೇನೆ. ತಾರಸಿಯಲ್ಲಿ ಮಕ್ಕಳು ಓಡಾಡುವ ಮನೆಯಲ್ಲಿ ಗಾಜು ಎಷ್ಟೇ ದಪ್ಪವಿರಲಿ, ಅದರ ಮೇಲೆ ಯಾರೂ ಕಾಲಿಡದಂತೆ ಕಟಕಟೆಯನ್ನು ಗಾಜು ಕೂರಿಸುವ ದಿನವೇ ನಿಲ್ಲಿಸಿಬಿಡಿ.