ಕ್ರೂಸ್ ಹತ್ತುವ ದಿನ ಗಂಟೆಗಟ್ಟಲೆ ಕಾಯಿಸಿದರೆ ಏನು ಮಾಡಬೇಕು

ನಮಗೆ ಕೊಟ್ಟಿದ್ದ ಬೋರ್ಡಿಂಗ್ ಸಮಯ ಮಧ್ಯಾಹ್ನ 12.30. ಹಡಗಿನ ಒಳಗೆ ಕಾಲಿಟ್ಟಾಗ ಸಂಜೆ 5.10. ಅಷ್ಟೂ ಹೊತ್ತು ಟರ್ಮಿನಲ್ಲಿನ ಕ್ಯೂನಲ್ಲಿ ನಿಂತು ಕಲಿತದ್ದು ಸ್ವಲ್ಪ, ಮನೆಗೆ ಬಂದು ದೂರು ಬರೆಯುವಾಗ ಕಲಿತದ್ದು ಜಾಸ್ತಿ. ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ, ಯಾಕಂದ್ರೆ ಆ ದಿನ ಇದೆಲ್ಲ ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಅಮ್ಮ ಅಷ್ಟು ಕಷ್ಟಪಡುತ್ತಿರಲಿಲ್ಲ.

ಕೌಂಟರಿನಲ್ಲಿದ್ದವರು ಹೇಳಿದ್ದು ಒಂದೇ ಮಾತು, "ಇನ್ನು ಇಪ್ಪತ್ತು ನಿಮಿಷ". ಮೊದಲ ಸಲ ಹೇಳಿದ್ದು 12.50ಕ್ಕೆ. ಆಮೇಲೆ 1.35, 2.40, 3.55. ನಾಲ್ಕು ಸಲವೂ ಅದೇ ಇಪ್ಪತ್ತು ನಿಮಿಷ. ಲಗೇಜ್ ಚೀಟಿಯ ಹಿಂದೆ ಪೆನ್ನಿನಲ್ಲಿ ಆ ನಾಲ್ಕು ಸಮಯ ಬರೆದುಕೊಂಡಿದ್ದೆ, ಸುಮ್ನೆ ಹೊತ್ತು ಹೋಗಲಿ ಅಂತ. ಪಕ್ಕದ ಸಾಲಿನಲ್ಲಿ ಒಬ್ಬರು ಗಂಟಲು ಹರಿಯುವ ಹಾಗೆ ಕೂಗಾಡಿದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಕೂಗಿಸಿಕೊಂಡ ಹುಡುಗಿಗೆ ಹಡಗಿನ ಬಾಗಿಲು ತೆರೆಯುವ ಅಧಿಕಾರ ಇರಲಿಲ್ಲ, ಏನಾಗಿದೆ ಅನ್ನೋದೂ ಅವಳಿಗೆ ಗೊತ್ತಿರಲಿಲ್ಲ. ಕೊನೆಗೆ ಕಂಪನಿಯಿಂದ ನಮಗೆ ಏನಾದರೂ ಸಿಕ್ಕಿದ್ದರೆ ಅದು ಆ ಚೀಟಿಯಿಂದ.

ಅದಕ್ಕೇ ಮೊದಲ ಕೆಲಸ ಇದು: ಯಾರಾದರೂ ಏನಾದರೂ ಸಮಯ ಹೇಳಿದರೆ ತಕ್ಷಣ ಬರೆದಿಡಿ. ಯಾರು ಹೇಳಿದರು, ಎಷ್ಟು ಗಂಟೆಗೆ, ಏನಂತ. ಫೋನಿನಲ್ಲಿ ಬರೆದರೂ ಸರಿ. ಬೋರ್ಡು, ಕ್ಯೂ, ಆ್ಯಪಿನಲ್ಲಿ ಬಂದ ಮೆಸೇಜ್, ಎಲ್ಲದರ ಫೋಟೋ ಇರಲಿ.

ಇನ್ನು ತಡ ಯಾಕೆ ಆಗುತ್ತೆ ಅಂತ ಸ್ವಲ್ಪ ತಿಳಿದಿರಬೇಕು. ಗೊತ್ತಿದ್ದರೆ ಸರಿಯಾದ ಪ್ರಶ್ನೆ ಕೇಳಬಹುದು. ದೊಡ್ಡ ಹಡಗು ಬೆಳಗಿನ ಜಾವ ಬಂದರಿಗೆ ಬರುತ್ತೆ, ಸಂಜೆ ಹೊರಡುತ್ತೆ. ಆ ಕೆಲವೇ ಗಂಟೆಗಳಲ್ಲಿ ಹಳಬರೆಲ್ಲ ಇಳಿಯಬೇಕು, ಸಾವಿರಾರು ಕ್ಯಾಬಿನ್ ಕ್ಲೀನ್ ಆಗಬೇಕು, ಇಂಧನ, ನೀರು, ಊಟದ ಸಾಮಾನು ತುಂಬಬೇಕು, ಹೊಸಬರು ಹತ್ತಬೇಕು. 2024ರ ಜನವರಿಯಲ್ಲಿ ಓಡಾಟ ಶುರು ಮಾಡಿದ ಐಕಾನ್ ಆಫ್ ದಿ ಸೀಸ್ ಹಡಗನ್ನೇ ತಗೊಳ್ಳಿ, ಒಂದು ಕ್ಯಾಬಿನ್‌ಗೆ ಇಬ್ಬರು ಅಂತ ಲೆಕ್ಕ ಹಾಕಿದರೂ 5,600ಕ್ಕಿಂತ ಜಾಸ್ತಿ ಜನ. ಅಷ್ಟು ಜನ ಇಳಿದು ಅಷ್ಟೇ ಜನ ಹತ್ತಬೇಕು, ಒಂದೇ ದಿನದಲ್ಲಿ. ಎಲ್ಲೋ ಒಂದು ಕಡೆ ಸಿಕ್ಕಿಕೊಂಡರೆ ಹಿಂದಿನದೆಲ್ಲ ಸಿಕ್ಕಿಕೊಳ್ಳುತ್ತೆ.

ಸಾಮಾನ್ಯವಾಗಿ ಸಿಕ್ಕಿಕೊಳ್ಳುವ ಜಾಗಗಳು ಇವು: ಮಂಜು ಕವಿದು ಬಂದರು ಮುಚ್ಚಿದರೆ ಹಡಗೇ ಒಳಗೆ ಬರಲ್ಲ. ಹಿಂದಿನ ಪ್ರಯಾಣದಲ್ಲಿ ವಾಂತಿಭೇದಿ ಹರಡಿದ್ದರೆ ಇಡೀ ಹಡಗನ್ನು ಇನ್ನೊಂದು ಸಲ ತೊಳೆಯಬೇಕು. ಎಂಜಿನ್ ರಿಪೇರಿ ಇರಬಹುದು. ಇನ್ನೊಂದು ಜನರಿಗೆ ಅಷ್ಟಾಗಿ ಗೊತ್ತಿಲ್ಲದ್ದು. ಹಿಂದಿನ ಪ್ರಯಾಣದ ಕೊನೆಯ ವ್ಯಕ್ತಿ ಇಳಿದು ಇಮಿಗ್ರೇಷನ್ ಮುಗಿಸುವ ತನಕ ಎಷ್ಟೋ ಬಂದರುಗಳಲ್ಲಿ ಹೊಸಬರನ್ನು ಹತ್ತಿಸಲ್ಲ. ಅದಕ್ಕೆ ಝೀರೋ ಕೌಂಟ್ ಅಂತಾರೆ. ಯಾರೋ ಒಬ್ಬರು ಕ್ಯಾಬಿನ್‌ನಲ್ಲಿ ನಿದ್ದೆ ಮಾಡುತ್ತಿದ್ದರೂ ಹೊರಗೆ ಸಾವಿರಾರು ಜನ ನಿಂತಿರಬೇಕು.

ಇವುಗಳಲ್ಲಿ ನಿಮ್ಮದು ಯಾವುದು ಅಂತ ತಿಳಿದರೆ ಎಷ್ಟು ಹೊತ್ತು ಕಾಯಬೇಕಾಗಬಹುದು ಅಂತ ಒಂದು ಅಂದಾಜು ಸಿಗುತ್ತೆ. ಝೀರೋ ಕೌಂಟ್ ಆದರೆ ಬೇಗ ಮುಗಿಯುವ ಸಾಧ್ಯತೆ ಜಾಸ್ತಿ. ಹಡಗು ಇನ್ನೂ ಸಮುದ್ರದಲ್ಲೇ ಇದ್ದರೆ ಇಪ್ಪತ್ತು ನಿಮಿಷದ ಮಾತೇ ಇಲ್ಲ, ವಾಪಸ್ ಹೋಟೆಲಿಗೆ ಹೋಗಿ ಕೂರೋದೇ ವಾಸಿ. ಹಾಗಾಗಿ "ಎಷ್ಟು ಹೊತ್ತಾಗುತ್ತೆ" ಅಂತ ಕೇಳಬೇಡಿ, ಅದಕ್ಕೆ ಸಿಗೋದು ಇಪ್ಪತ್ತು ನಿಮಿಷವೇ. ಬದಲಿಗೆ ಹೀಗೆ ಕೇಳಿ: ಹಡಗು ದಡಕ್ಕೆ ಬಂದಿದೆಯಾ? ಹಿಂದಿನವರೆಲ್ಲ ಇಳಿದು ಆಯ್ತಾ? ಮುಂದಿನ ಮಾಹಿತಿ ಎಷ್ಟು ಗಂಟೆಗೆ, ಯಾರು ಕೊಡ್ತಾರೆ? ಮೊದಲ ಎರಡಕ್ಕೆ ಹೌದು ಅಥವಾ ಇಲ್ಲ ಅಂತಲೇ ಉತ್ತರ ಬರಬೇಕು. ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಟರ್ಮಿನಲ್ ಸೂಪರ್‌ವೈಸರ್‌ನ ಕರೆಸಿ ಅಂತ ಮೆಲ್ಲಗೆ, ಆದರೆ ಬಿಡದೆ ಕೇಳಿ. ಇನ್ನೊಂದು ದಾರಿ ಇದೆ: ಹಡಗುಗಳು ಎಲ್ಲಿವೆ ಅಂತ ಮ್ಯಾಪಿನಲ್ಲಿ ತೋರಿಸುವ ಆ್ಯಪ್‌ಗಳು. ಅದರಲ್ಲಿ ನಿಮ್ಮ ಹಡಗಿನ ಹೆಸರು ಹಾಕಿ ನೋಡಿದರೆ ಎಷ್ಟೋ ಸಲ ಕೌಂಟರಿಗಿಂತ ಮೊದಲೇ ನಿಮಗೆ ಗೊತ್ತಾಗಿರುತ್ತೆ.

ಈಗ ನನಗೆ ಇವತ್ತಿಗೂ ಬೇಜಾರಾಗುವ ವಿಷಯ. ಟರ್ಮಿನಲ್ ಬಾಗಿಲಲ್ಲೇ ಪೋರ್ಟರ್‌ಗಳು ಸೂಟ್‌ಕೇಸ್ ತಗೊಂಡು ಹೋಗ್ತಾರೆ, ಅದು ನೇರವಾಗಿ ಕ್ಯಾಬಿನ್‌ಗೆ ಬರುತ್ತೆ ಅಂತ ಹೇಳ್ತಾರೆ. ಬರುತ್ತೆ, ನಿಜ. ಯಾವಾಗ ಅನ್ನೋದೇ ಪ್ರಶ್ನೆ. ನಮ್ಮದು ಬಂದಿದ್ದು ರಾತ್ರಿ 9 ಗಂಟೆ ದಾಟಿದ ಮೇಲೆ. ಅಮ್ಮನ ಬಿಪಿ ಮಾತ್ರೆ, ಮಂಡಿಗೆ ಹಚ್ಚುವ ಮುಲಾಮು, ಬೆಲ್ಟು, ಎಲ್ಲ ಅದರೊಳಗೆ. ಮಧ್ಯಾಹ್ನದ ಮಾತ್ರೆ ತಪ್ಪಿತು. ಟರ್ಮಿನಲ್ಲಿನಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು, ಅಮ್ಮ ಕಂಬಕ್ಕೆ ಒರಗಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದರು, "ನಂಗೇನಾಗಿಲ್ಲ, ನೀನು ಜಗಳ ಆಡಬೇಡ" ಅಂತ ನನಗೇ ಸಮಾಧಾನ ಹೇಳುತ್ತಿದ್ದರು. ಅಲ್ಲಿ ವೀಲ್‌ಚೇರ್ ಕೇಳಬಹುದು, ಕೇಳಿದರೆ ಬೇರೆ ಸಾಲಿನಲ್ಲಿ ಕೂರಿಸಿ ಕರೆದುಕೊಂಡು ಹೋಗ್ತಾರೆ ಅನ್ನೋದು ನನಗೆ ಗೊತ್ತಾಗಿದ್ದು ಮೂರು ಗಂಟೆ ಕಳೆದ ಮೇಲೆ. ಯಾರೂ ಬಂದು ಹೇಳಲಿಲ್ಲ. ಕೇಳಿದ ಮೇಲೆ ಹತ್ತೇ ನಿಮಿಷದಲ್ಲಿ ಬಂತು.

ಅದಕ್ಕೇ ದಯವಿಟ್ಟು: ಮಾತ್ರೆ, ಇನ್ಸುಲಿನ್, ಪಾಸ್‌ಪೋರ್ಟ್, ವೀಸಾ, ಫೋನ್ ಚಾರ್ಜರ್, ಮಗುವಿನ ಡೈಪರ್ ಮತ್ತು ಹಾಲಿನ ಪುಡಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಮಾತ್ರೆ ಎರಡು ದಿನಕ್ಕಾಗುವಷ್ಟು. ತಿನ್ನಲು ಪೊಟ್ಟಣದಲ್ಲಿರುವ ಏನಾದರೂ ಇರಲಿ, ಟರ್ಮಿನಲ್ಲಿನಲ್ಲಿ ಎಲ್ಲ ಕಡೆಯೂ ತಿಂಡಿ ಸಿಗಲ್ಲ. ಕೂರೋಕೆ, ನಿಲ್ಲೋಕೆ ತೊಂದರೆ ಇರುವವರು ಜೊತೆಗಿದ್ದರೆ ಬುಕಿಂಗ್ ಮಾಡುವಾಗಲೇ ವೀಲ್‌ಚೇರ್ ಸಹಾಯ ಬೇಕು ಅಂತ ಬರೆಸಿ, ಟರ್ಮಿನಲ್ ಬಾಗಿಲಲ್ಲಿ ಇನ್ನೊಮ್ಮೆ ಹೇಳಿ. ಸೂಟ್‌ಕೇಸ್ ಕೊಡುವ ಮೊದಲು ಅದರದ್ದೂ ಟ್ಯಾಗಿನದ್ದೂ ಫೋಟೋ ತೆಗೀರಿ. ಬ್ಯಾಗ್ ಬರದಿದ್ದರೆ ಹಡಗು ಹೊರಡುವ ಮುಂಚೆಯೇ ಒಳಗಿನ ಸಹಾಯ ಕೌಂಟರ್ ಆದ ಗೆಸ್ಟ್ ಸರ್ವಿಸಸ್‌ಗೆ ಹೇಳಿಬಿಡಿ. ದಡದಲ್ಲೇ ಉಳಿದಿದ್ದರೆ ಆಗಷ್ಟೇ ತರಿಸಲು ಸಾಧ್ಯ, ಆಮೇಲೆ ಮುಂದಿನ ಬಂದರಿನವರೆಗೂ ಕಾಯಬೇಕು.

ಹಾಗೇ, ವಿಮಾನದಲ್ಲಿ ಬರುವವರು ಹಿಂದಿನ ದಿನವೇ ಬಂದುಬಿಡಿ. ಹಡಗು ತಡ ಮಾಡಬಹುದು, ನೀವು ಮಾಡುವ ಹಾಗಿಲ್ಲ. ಚೆಕ್-ಇನ್ ಹೊರಡುವ ಹೊತ್ತಿಗಿಂತ ಬಹಳ ಮೊದಲೇ ಮುಚ್ಚುತ್ತೆ. ಅಮೆರಿಕದ ಬಂದರುಗಳಲ್ಲಿ ಪ್ರಯಾಣಿಕರ ಪಟ್ಟಿಯನ್ನು ಹೊರಡುವ 60 ನಿಮಿಷಕ್ಕೆ ಮುಂಚೆ ಸರ್ಕಾರಕ್ಕೆ ಕಳಿಸಲೇಬೇಕು, ಹಾಗಾಗಿ ಆ ಗಡಿ ದಾಟಿದವರನ್ನು ಕರುಣೆಯಿಂದಲೂ ಹತ್ತಿಸೋಕಾಗಲ್ಲ. ಮುಂದಿನ ಬಂದರಿನಲ್ಲಿ ಹತ್ತೋಣ ಅಂದ್ರೆ ಅದಕ್ಕೂ ವೀಸಾ, ಪರವಾನಗಿ ಅಂತ ನೂರೆಂಟು ಇರುತ್ತೆ. ಇನ್ನು ಹಡಗೇ ತಡ ಅಂತ ಮೆಸೇಜ್ ಬಂದರೂ ಚೆಕ್-ಇನ್ ಸಮಯ ಬದಲಾಗಿದೆಯಾ ಅಂತ ಬೇರೆಯಾಗಿ ನೋಡಿಕೊಳ್ಳಿ, ಎರಡೂ ಒಂದೇ ಅಲ್ಲ.

ಹತ್ತಿದ ಮೇಲೆ ಎಲ್ಲರೂ ನೇರವಾಗಿ ಗೆಸ್ಟ್ ಸರ್ವಿಸಸ್ ಮುಂದೆ ಸಾಲು ನಿಲ್ಲುತ್ತಾರೆ. ಬ್ಯಾಗ್, ಔಷಧ, ಆರೋಗ್ಯದ ವಿಷಯ ಇದ್ದರೆ ಮಾತ್ರ ಅಲ್ಲಿಗೆ ಹೋಗಿ. ತಡದ ದೂರಾದರೆ ಆ ರಾತ್ರಿ ಬೇಡ, ಮಾರನೇ ದಿನ ಬೆಳಿಗ್ಗೆ ಬೇಗ ಹೋಗಿ. ಮೊದಲು ಸುರಕ್ಷತೆಯ ಡ್ರಿಲ್, ಅಂದರೆ ಅಪಾಯ ಬಂದರೆ ಎಲ್ಲಿ ಸೇರಬೇಕು ಅಂತ ತೋರಿಸುವ ಅಭ್ಯಾಸ, ಮುಗಿಸಿ, ಅದು ಎಷ್ಟು ತಡವಾಗಿ ಬಂದರೂ ತಪ್ಪಿಸುವ ಹಾಗಿಲ್ಲ, ತಪ್ಪಿಸಲೂ ಬಾರದು. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಅನ್ನುವ ಕ್ರೂಸ್ ಹಡಗು ಮಗುಚಿದಾಗ ಅದೇ ದಿನ ಹತ್ತಿದ್ದ ಎಷ್ಟೋ ಜನಕ್ಕೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆ ಮೇಲೇ ನಿಯಮ ಬಿಗಿಯಾದದ್ದು.

ಕೌಂಟರಿನಲ್ಲಿ ದೂರು ಹೇಳಿದರೆ ಸಾಲದು. ಅದನ್ನು ನಿಮ್ಮ ಬುಕಿಂಗ್‌ನಲ್ಲಿ ನೋಟ್ ಮಾಡಿ ಅಂತ ಹೇಳಿ, ಮಾಡಿದವರ ಹೆಸರು, ದೂರಿನ ನಂಬರ್ ತಗೊಳ್ಳಿ. ಕರುಣೆ ತೋರಿಸಿ ಕೂಪನ್ ಕೊಟ್ಟರೆ ತಗೊಳ್ಳಬಹುದು, ಆದರೆ "ಇಲ್ಲಿಗೆ ವಿಷಯ ಮುಗಿಯಿತು" ಅಂತ ಏನಾದರೂ ಸಹಿ ಕೇಳಿದರೆ ಓದದೆ ಹಾಕಬೇಡಿ.

ಹಕ್ಕುಗಳ ವಿಷಯದಲ್ಲಿ ಇಂಟರ್ನೆಟ್‌ನಲ್ಲಿ ತುಂಬಾ ತಪ್ಪು ಮಾತು ಓಡಾಡುತ್ತೆ. ವಿಮಾನ ತಡವಾದರೆ ಸಿಗುವ ಪರಿಹಾರ ಕ್ರೂಸಿಗೂ ಸಿಗುತ್ತೆ ಅಂದುಕೊಳ್ಳಬೇಡಿ. ಯುರೋಪಿಯನ್ ಒಕ್ಕೂಟದ ಬಂದರಿನಿಂದ ಹತ್ತುವುದಾದರೆ 1177/2010 ಅನ್ನುವ ನಿಯಮ ಇದೆ. ಹೊರಡುವುದು 90 ನಿಮಿಷಕ್ಕಿಂತ ಜಾಸ್ತಿ ತಡವಾಗುವ ಹಾಗಿದ್ದರೆ ಕಾಯುವ ಹೊತ್ತಿಗೆ ತಕ್ಕಂತೆ ತಿಂಡಿ, ಊಟ, ಕುಡಿಯಲು ಕೊಡಬೇಕು. ಹೊರಡಬೇಕಿದ್ದ ಸಮಯ ಕಳೆದು 30 ನಿಮಿಷದೊಳಗೆ ಏನಾಗಿದೆ ಅಂತ ತಿಳಿಸಬೇಕು. ಇವೆರಡೂ ಕ್ರೂಸ್ ಪ್ರಯಾಣಿಕರಿಗೂ ಸೇರಿವೆ. ಆದರೆ ಟಿಕೆಟ್ ದರದ ಶೇಕಡಾ ಇಷ್ಟು ಅಂತ ಕೊಡುವ ಪರಿಹಾರ ಅದೇ ನಿಯಮದಲ್ಲಿ ಕ್ರೂಸಿಗೆ ಇಲ್ಲ. ಇದು ಗೊತ್ತಿಲ್ಲದೆ ಆ ಪರಿಹಾರ ಕೇಳಿ ಬರೆದರೆ ಒಂದೇ ಸಾಲಿನಲ್ಲಿ ತಳ್ಳಿಹಾಕ್ತಾರೆ, ಅದರ ಜೊತೆ ನಿಮ್ಮ ನಿಜವಾದ ದೂರೂ ಹೋಗುತ್ತೆ.

ಅಮೆರಿಕದಿಂದ ಹೊರಡುವ ಹಡಗಾದರೆ, 2022ರಲ್ಲಿ ಅಲ್ಲಿ ಹಡಗು ಸಾರಿಗೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಮ್ಯಾರಿಟೈಮ್ ಕಮಿಷನ್‌ನ ಹೊಸ ನಿಯಮ ಜಾರಿಗೆ ಬಂತು: ಪ್ರಯಾಣ ರದ್ದಾದರೆ ಅಥವಾ ಬೋರ್ಡಿಂಗ್ 3 ದಿನ ಅಥವಾ ಅದಕ್ಕಿಂತ ಜಾಸ್ತಿ ತಡವಾಗಿ ನೀವು ಹೋಗೋದು ಬೇಡ ಅಂದರೆ ಹಣ ವಾಪಸ್ ಕೊಡಬೇಕು. ಮೂರು ದಿನ, ಮೂರು ಗಂಟೆ ಅಲ್ಲ. ಕ್ರೂಸ್ ಕಂಪನಿಗಳ ಸಂಘ ಕ್ಲಿಯಾ 2013ರಲ್ಲಿ ಹೊರತಂದ ಪ್ರಯಾಣಿಕರ ಹಕ್ಕುಗಳ ಪಟ್ಟಿಯೂ ಇದೆ, ಯಾಂತ್ರಿಕ ತೊಂದರೆಯಿಂದ ಪ್ರಯಾಣವೇ ರದ್ದಾದರೆ ಪೂರ್ತಿ ಹಣ ವಾಪಸ್ ಅಂತ ಅದರಲ್ಲಿದೆ. ಅಂದರೆ ಕೆಲವು ಗಂಟೆ ಕಾಯಿಸಿದ್ದಕ್ಕೆ ಕಾನೂನಿನಿಂದ ಸಿಗೋದು ಬಹಳ ಕಡಿಮೆ. ಅದಕ್ಕೇ ದಾಖಲೆ ಮುಖ್ಯ ಅಂತ ನಾನು ಇಷ್ಟು ಒತ್ತಿ ಹೇಳ್ತಿರೋದು. ಕಂಪನಿಯವರು ಕೊಡೋದು ಅವರ ಮನಸ್ಸಿಗೆ ಬಂದರೆ, ಮನಸ್ಸು ಬರಿಸಬೇಕಾದದ್ದು ನೀವು.

ಟಿಕೆಟ್ ಕರಾರನ್ನೂ ಒಮ್ಮೆ ತೆರೆದು ನೋಡಿ. ದೂರು ಕೊಡಲು ಎಷ್ಟು ದಿನ, ಯಾವ ಊರಿನ ಕೋರ್ಟು ಅಂತ ಅದರಲ್ಲೇ ಬರೆದಿರುತ್ತೆ. ಓದಿರಲಿಲ್ಲ ಅನ್ನೋ ಮಾತು ನಡೆಯಲ್ಲ. 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಾರ್ನಿವಲ್ ಅನ್ನುವ ಕ್ರೂಸ್ ಕಂಪನಿ ಮತ್ತು ಪ್ರಯಾಣಿಕರಾದ ಶೂಟ್ ದಂಪತಿಯ ಕೇಸಿನಲ್ಲಿ, ಟಿಕೆಟ್ಟಿನಲ್ಲಿ ಅಚ್ಚಾಗಿದ್ದ ಕೋರ್ಟಿನ ಷರತ್ತು ಪ್ರಯಾಣಿಕರ ಮೇಲೆ ನಿಲ್ಲುತ್ತೆ ಅಂತಲೇ ಹೇಳಿತು. ವಾಷಿಂಗ್ಟನ್ ರಾಜ್ಯದವರು ಫ್ಲೋರಿಡಾದಲ್ಲಿ ಕೇಸು ಹಾಕಬೇಕಾಗಿತ್ತು.

ಮನೆಗೆ ಬಂದ ಮೇಲೆ ಒಂದು ವಾರದೊಳಗೆ ಈಮೇಲ್ ಬರೀರಿ. ಯುರೋಪಿನ ನಿಯಮದಲ್ಲಿ ದೂರು ಕೊಡಲು 2 ತಿಂಗಳು, ಕಂಪನಿ ಕೊನೆಯ ಉತ್ತರ ಕೊಡಲೂ 2 ತಿಂಗಳು. ಆದರೂ ಎಲ್ಲ ನೆನಪಿರುವಾಗಲೇ ಬರೆಯೋದು ಒಳ್ಳೆಯದು. ನಾನು ಮೊದಲು ಬರೆದದ್ದು ಎರಡು ಪುಟ, ಪೂರ್ತಿ ಸಿಟ್ಟು. ಬಂದ ಉತ್ತರ "ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ". ಎರಡನೇ ಸಲ ಬರೆದದ್ದು ಹೀಗಿತ್ತು:

"ಬುಕಿಂಗ್ ನಂಬರ್ ಇಂಥದ್ದು. ಬೋರ್ಡಿಂಗ್ ಸಮಯ 12.30, ಹತ್ತಿದ್ದು 5.10. 12.50, 1.35, 2.40, 3.55ಕ್ಕೆ ಇಪ್ಪತ್ತು ನಿಮಿಷ ಎಂದು ನಿಮ್ಮ ಸಿಬ್ಬಂದಿ ಹೇಳಿದರು. ಈ ಹೊತ್ತಿನಲ್ಲಿ ನೀರಾಗಲಿ, ಆಹಾರವಾಗಲಿ ಕೊಡಲಿಲ್ಲ. ವಯಸ್ಸಾದ ನನ್ನ ತಾಯಿಗೆ ಮೂರು ಗಂಟೆ ಕುರ್ಚಿ ಸಿಗಲಿಲ್ಲ. ಮೊದಲ ದಿನದ ಊಟ ಮತ್ತು ನಾವು ಹಣ ಕಟ್ಟಿದ್ದ ಸಂಜೆಯ ಕಾರ್ಯಕ್ರಮ ತಪ್ಪಿದವು. ಕಾರ್ಯಕ್ರಮದ ಪೂರ್ತಿ ಹಣ, ಮೊದಲ ದಿನದ ದರದ ಅರ್ಧ ಕೊಡಿ. 14 ದಿನದೊಳಗೆ ಉತ್ತರ ಬೇಕು. ಚೀಟಿಯ ಫೋಟೋ ಲಗತ್ತಿಸಿದ್ದೇನೆ."

ಕಾರ್ಯಕ್ರಮದ ಹಣ ಪೂರ್ತಿ ಬಂತು. ಅರ್ಧ ದಿನದ ದರದ ಬದಲು ಮುಂದಿನ ಪ್ರಯಾಣಕ್ಕೆ ರಿಯಾಯಿತಿ ಅಂದರು. ಬೇಡ, ಕಾರ್ಡಿಗೇ ವಾಪಸ್ ಹಾಕಿ ಅಂತ ಒಂದೇ ಸಾಲು ಬರೆದೆ. ಕೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಬಂತು, ಆದರೆ ಹಣವಾಗಿಯೇ ಬಂತು. ನಿಮಗೇನು ಬೇಕು ಅಂತ ನೀವೇ ಒಂದು ಮೊತ್ತ ಹೇಳದಿದ್ದರೆ ಅವರು ಹೇಳೋದು ಕೂಪನ್ನೇ. ಹಣ ಕಟ್ಟಿದ ಸೇವೆ ಸಿಗದೆ, ಉತ್ತರವೂ ಬರದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಡಿಸ್‌ಪ್ಯೂಟ್, ಅಂದರೆ ಆ ಹಣ ವಾಪಸ್ ಕೊಡಿಸಿ ಅನ್ನುವ ತಕರಾರು, ಹಾಕಬಹುದು. ಅದಕ್ಕೂ ಗಡುವು ಇರುತ್ತೆ, ಕಂಪನಿಯ ಉತ್ತರಕ್ಕೆ ಕಾಯುತ್ತ ಅದನ್ನು ದಾಟಿಸಿಬಿಡಬೇಡಿ. ಏಜೆಂಟ್ ಮೂಲಕ ಬುಕ್ ಮಾಡಿದ್ದರೆ ಅದೇ ಈಮೇಲ್ ಅವರಿಗೂ ಕಳಿಸಿ, ಕಂಪನಿಯ ಜೊತೆ ದಿನಾ ವ್ಯವಹಾರ ಇರುವವರ ಮಾತಿಗೆ ತೂಕ ಜಾಸ್ತಿ.

ಪ್ರಯಾಣದ ಇನ್ಶೂರೆನ್ಸ್ ಇದ್ದವರು ಒಂದು ಕಾಗದ ಮರೀಬೇಡಿ. ಹಡಗು ಎಷ್ಟು ಗಂಟೆ ತಡವಾಯಿತು, ಯಾಕೆ ಅಂತ ಕಂಪನಿಯ ಲೆಟರ್‌ಹೆಡ್‌ನಲ್ಲಿ ಬರೆದ ಪತ್ರ. ಇಂತಿಷ್ಟು ಗಂಟೆಗಿಂತ ಜಾಸ್ತಿ ತಡವಾದರೆ ಹಣ ಕೊಡುವ ಪಾಲಿಸಿಗಳು ಕೇಳೋದು ಈ ಪತ್ರವನ್ನೇ. ಇಳಿಯುವ ಹಿಂದಿನ ದಿನ, ಕೊನೆಯ ಬೆಳಗಿನ ನೂಕುನುಗ್ಗಲು ಶುರುವಾಗುವ ಮೊದಲು, ಗೆಸ್ಟ್ ಸರ್ವಿಸಸ್‌ಗೆ ಹೋಗಿ ಇಸ್ಕೊಂಡು ಬನ್ನಿ.