ವಾಷಿಂಗ್ ಮಷೀನ್ ನೀರಿಗೆ ಬಾಹ್ಯಾಕಾಶದ ಉಪಾಯ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವವರು 2009ರಿಂದ ತಮ್ಮದೇ ಮೂತ್ರವನ್ನು ಶುದ್ಧ ಮಾಡಿಕೊಂಡು ಕುಡಿಯುತ್ತಿದ್ದಾರೆ. ಬೆವರು, ಉಸಿರಿನ ತೇವ, ಯಾವುದನ್ನೂ ಬಿಡುವುದಿಲ್ಲ. 2023ರ ಹೊತ್ತಿಗೆ ನೂರು ಲೀಟರಿಗೆ 98 ಲೀಟರ್ ವಾಪಸ್ ಬರುವಷ್ಟು ಕೈ ಪಳಗಿತು. ಮುಖ ಕಿವುಚಬೇಡಿ, ನಿಮಗೆ ಯಾರೂ ಕುಡಿಯಿರಿ ಅನ್ನುತ್ತಿಲ್ಲ. ಆ ಯಂತ್ರವೂ ನಮಗೆ ಬೇಡ. ಯಾವ ನೀರಿನಲ್ಲಿ ಏನಿದೆ ಅಂತ ನೋಡಿ ಆಮೇಲೆ ಸೋಸುವ ಅವರ ಅಭ್ಯಾಸ ಇದೆಯಲ್ಲ, ವಾಷಿಂಗ್ ಮಷೀನಿನ ನೀರನ್ನು ಜಲ್ಲಿ ತುಂಬಿ ಗಿಡ ನೆಟ್ಟ ಡ್ರಮ್ಮಿನಲ್ಲಿ ಸೋಸಿ ಮತ್ತೆ ಬಳಸಲು ಅದು ಸಾಕು.

ಮೊದಲು ಲೆಕ್ಕ. ಅಲ್ಲಿ ಕುಡಿಯಲು, ಊಟಕ್ಕೆ, ಹಲ್ಲುಜ್ಜಲು ಎಲ್ಲಾ ಸೇರಿ ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್. ನಮ್ಮ ನಗರಗಳಿಗೆ ಸರ್ಕಾರ ಇಟ್ಟುಕೊಂಡ ಅಳತೆ ತಲೆಗೆ 135 ಲೀಟರ್. ಒಂದು ವಾರ ಬೆಳಿಗ್ಗೆ ಮೀಟರ್ ನೋಡಿ ಬರೆದಿಡಿ. ಮೀಟರ್ ಇಲ್ಲದಿದ್ದರೆ ಬಕೆಟ್ ಎಣಿಸಿ. ಬೇಜಾರಿನ ಕೆಲಸ, ನಿಜ. ಆದರೆ ಬಟ್ಟೆ ಒಗೆಯುವ ದಿನ ಎಷ್ಟು ಹೋಗುತ್ತದೆ ಅಂತ ನೋಡಿದಾಗ ನನಗೇ ನಂಬಿಕೆ ಬರಲಿಲ್ಲ.

ಆಮೇಲೆ ನೀರನ್ನು ಬೇರೆ ಬೇರೆ ಮಾಡಿ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿನಂಶ ಇಲ್ಲವೇ ಇಲ್ಲ ಅನ್ನಬಹುದು, ಗಿಡಕ್ಕೆ ನೇರ ಹಾಕಿ (ನಿಲ್ದಾಣದಲ್ಲೂ ಗಾಳಿಯ ತೇವವನ್ನು ಹೀಗೇ ತಂಪು ಮಾಡಿ ಹಿಡಿಯುವುದು). ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರಿನಲ್ಲಿ ಉಪ್ಪು ಜಾಸ್ತಿ, ನೆಲ ಒರೆಸಲು, ಟಾಯ್ಲೆಟ್‌ಗೆ ಸರಿ, ಗಿಡಕ್ಕೆ ಬೇಡ. ಪಾತ್ರೆ ತೊಳೆದ ಜಿಡ್ಡು ನೀರನ್ನು ಸದ್ಯಕ್ಕೆ ಬಿಟ್ಟುಬಿಡಿ. ಟಾಯ್ಲೆಟ್ ನೀರಿನ ಗೋಜಿಗೆ ಮನೆಯಲ್ಲಿ ಹೋಗಲೇಬೇಡಿ. ಉಳಿದಿದ್ದು ಸ್ನಾನದ ನೀರು, ಮಷೀನಿನ ಕೊನೆಯ ಜಾಲಾಡಿದ ನೀರು. ನಾವು ಹಿಡಿಯುವುದು ಆ ಎರಡನೆಯದನ್ನು.

ಈಗ ಎಲ್ಲರೂ ಹಾರಿಸಿಬಿಡುವ ಹಂತ: ನೀರಿಗೆ ನಾವೇ ಏನು ಬೆರೆಸುತ್ತಿದ್ದೇವೆ ಅಂತ ನೋಡುವುದು. 2009ರಲ್ಲಿ ನಿಲ್ದಾಣದ ಮೂತ್ರ ಸಂಸ್ಕರಣೆ ಯಂತ್ರ ಕಟ್ಟಿಕೊಂಡು ನಿಂತಿತು. ಭಾರ ಇಲ್ಲದ ಕಡೆ ಮೂಳೆ ಸವೆದು ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ, ಮೂತ್ರ ಕೆಡದಿರಲಿ ಅಂತ ಇವರು ಸಲ್ಫ್ಯೂರಿಕ್ ಆಮ್ಲ ಬೆರೆಸುತ್ತಿದ್ದರು, ಎರಡೂ ಸೇರಿ ಜಿಪ್ಸಮ್ ಆಗಿ ಒಳಗೆಲ್ಲ ಗಟ್ಟಿಕಟ್ಟಿತ್ತು. ಕೊನೆಗೆ ಬದಲಾಯಿಸಿದ್ದು ಆಮ್ಲವನ್ನು: ಸಲ್ಫ್ಯೂರಿಕ್ ಬದಲು ಫಾಸ್ಫಾರಿಕ್. ನಮ್ಮ ಮನೆಯಲ್ಲೂ ಅಷ್ಟೇ. ನನ್ನ ಮೊದಲ ಡ್ರಮ್ಮಿಗೆ ಬ್ಲೀಚ್ ಹಾಕಿದ ನೀರು ಸುರಿದು, ಹದಿನೈದು ದಿನಕ್ಕೆ ಗಿಡದ ಎಲೆಯೆಲ್ಲ ಹಳದಿಯಾಯಿತು. ನಾನು ಸುಮ್ನೆ ಜಲ್ಲಿಯನ್ನು ಬೈದೆ! ಹಾಗಾಗಿ ಬ್ಲೀಚ್ ಬೇಡ, ಡಿಟರ್ಜೆಂಟ್ ಅರ್ಧ ಸಾಕು, ಅಂಟುವಾಳ ಕಾಯಿ ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನು ಡ್ರಮ್. 200 ಲೀಟರಿನ ಹಳೇ ಪ್ಲಾಸ್ಟಿಕ್ ಡ್ರಮ್ ಸಾಕು, ಆದರೆ ಮೊದಲು ಅದರಲ್ಲಿ ಏನಿತ್ತು ಅಂತ ಕೇಳಿ ತನ್ನಿ. ನಡುವೆ ಒಂದು ಪಿವಿಸಿ ಪೈಪ್ ತಳ ಮುಟ್ಟುವ ಹಾಗೆ ನಿಲ್ಲಿಸಿ, ಅದರ ಕೆಳಗಿನ ಒಂದು ಗೇಣಿಗೆ ಸುತ್ತ ತೂತು ಕೊರೆಯಿರಿ. ತಳಕ್ಕೆ ದಪ್ಪ ಜಲ್ಲಿ, ಮೇಲೆ 20 ಮಿಲಿಮೀಟರ್ ಜಲ್ಲಿ, ಕೊನೆಗೆ ಸಣ್ಣ ಜಲ್ಲಿ. ಎಲ್ಲವನ್ನೂ ಚೆನ್ನಾಗಿ ತೊಳೆದೇ ಹಾಕಿ. ಮರಳು ಬೇಡ, ಬೇಗ ಕಟ್ಟಿಕೊಳ್ಳುತ್ತದೆ. ಜಲ್ಲಿಯ ಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗೆ ಡ್ರಮ್ಮಿನ ಪಕ್ಕಕ್ಕೆ ಹೊರಪೈಪ್ ಕೂರಿಸಿ. ನೀರು ಯಾವಾಗಲೂ ಕಲ್ಲಿನ ಕೆಳಗೇ ಇದ್ದರೆ ಜಲ್ಲಿಯ ಮೇಲೆ ಸೊಳ್ಳೆಗೆ ಜಾಗ ಇಲ್ಲ. ಮೇಲೆ ಕಾಬಾಳೆ (ಕ್ಯಾನಾ ಹೂಗಿಡ) ನೆಡಿ, ಕೆಸುವೂ ಆಗುತ್ತದೆ. ಮಲೆನಾಡಿನ ಕಡೆ ಬಚ್ಚಲ ನೀರು ಹರಿಯುವ ಜಾಗದಲ್ಲಿ ಬಾಳೆ, ಕೆಸು ಸೊಂಪಾಗಿ ಬೆಳೆದಿದ್ದನ್ನು ನೋಡಿದವರಿಗೆ ಇದು ಹೊಸದೇನಲ್ಲ, ಅಲ್ವಾ?

ಬೇರು ಹಿಡಿಯಲು ಎರಡು-ಮೂರು ವಾರ ಬರೀ ಒಳ್ಳೆ ನೀರು ಕೊಡಿ. ಆಮೇಲೆ ಮಷೀನಿನ ನೀರನ್ನು ಟಬ್ಬಿಗೆ ಹಿಡಿದು, ಬಟ್ಟೆಯಲ್ಲಿ ಸೋಸಿ, ನಡುವಿನ ಪೈಪಿಗೆ ನಿಧಾನಕ್ಕೆ ಸುರಿಯಿರಿ. ಕಲ್ಲುಗಳ ಸಂದಿಯಲ್ಲಿ ಹಿಡಿಯುವುದು ಸುಮಾರು 70 ಲೀಟರ್, ಅಂದರೆ ನಾಲ್ಕು ಬಕೆಟ್. ದಿನಕ್ಕೆ ಅದಕ್ಕಿಂತ ಹೆಚ್ಚು ಸುರಿದರೆ ನೀರು ಒಳಗೆ ನಿಲ್ಲದೆ ಹಾಗೇ ಹೊರಗೆ ಬರುತ್ತದೆ. ಇವತ್ತು ಸುರಿದದ್ದು ನಿನ್ನೆಯ ನೀರನ್ನು ಹೊರಗೆ ತಳ್ಳಬೇಕು, ಹಾಗಿದ್ದರೆ ಬೇರಿಗೆ, ಕಲ್ಲಿಗೆ ಅಂಟಿದ ಸೂಕ್ಷ್ಮಜೀವಿಗಳಿಗೆ ಒಂದು ದಿನವಾದರೂ ಸಮಯ ಸಿಗುತ್ತದೆ.

ಹೊರಬಂದ ನೀರನ್ನು ಅದೇ ದಿನ ಬಳಸಿ, ಕೂಡಿಟ್ಟರೆ ನಾರುತ್ತದೆ. ಹೂಗಿಡ, ಬಾಳೆ, ತೆಂಗು, ಅಂಗಳ ತೊಳೆಯಲು ಸರಿ. ಕೊತ್ತಂಬರಿ, ಮೂಲಂಗಿಯಂಥ ಹಸಿಯಾಗಿ ತಿನ್ನುವುದಕ್ಕೆ ಬೇಡ. ಮನೆಯಲ್ಲಿ ಯಾರಿಗಾದರೂ ಭೇದಿ ಇದ್ದರೆ, ಅಥವಾ ಮಗುವಿನ ಬಟ್ಟೆ ಒಗೆದ ದಿನ, ಆ ನೀರು ಚರಂಡಿಗೇ ಹೋಗಲಿ. ಮಳೆ ಹಿಡಿದರೆ ನಾನಂತೂ ಮಷೀನ್ ನೀರು ಹಾಕುವುದನ್ನೇ ನಿಲ್ಲಿಸುತ್ತೇನೆ, ಕಾಬಾಳೆಗೆ ಮಳೆಯೇ ಸಾಕು.