ಎರಡು ಸಿಹಿ ಸೆಂಟು, ಎರಡು ಕೈ

ಫ್ಲವರ್‌ಬಾಂಬ್ ತಗೊಳ್ಳಲಾ, ಲಾ ವಿ ಎ ಬೆಲ್ ತಗೊಳ್ಳಲಾ ಅಂತ ಕೇಳಿದ್ದೀರಿ. ಎರಡೂ ಸಿಹಿ, ಎರಡೂ ಜೋರು. ಅಂಗಡಿಯ ಕಾಗದದ ಪಟ್ಟಿ ಮೂಸಿ ನಿರ್ಧಾರ ಮಾಡಬೇಡಿ. ಎಡ ಮಣಿಕಟ್ಟಿಗೆ ಒಂದು, ಬಲಕ್ಕೆ ಇನ್ನೊಂದು ಹೊಡೆದುಕೊಳ್ಳಿ. ಉಜ್ಜಬೇಡಿ. ಏನೂ ಕೊಳ್ಳದೆ ಸುಮ್ನೆ ಹೊರಗೆ ಬನ್ನಿ.

ನಾನು ಹಾಗೇ ಮಾಡಿ ಹುಬ್ಬಳ್ಳಿಯಲ್ಲಿ ಧಾರವಾಡದ ಚಿಗರಿ ಬಸ್ ಹತ್ತಿದೆ. ಎಡಗೈಯ ಫ್ಲವರ್‌ಬಾಂಬ್‌ನಲ್ಲಿ ಮೊದಲು ಮಲ್ಲಿಗೆ, ಗುಲಾಬಿ. ಆಮೇಲೆ ಪಚೌಲಿ ಎಲೆಯ ಮಣ್ಣಿನಂಥ ಘಮ. ಬಲಗೈಯ ಲಾ ವಿ ಎ ಬೆಲ್‌ನಲ್ಲಿ ಐರಿಸ್ ಅನ್ನೋ ಹೂಗಿಡದ ಪೌಡರ್ ವಾಸನೆ, ಅದರ ಹಿಂದೆ ಪ್ರಲೀನ್ (ಬಾದಾಮಿಯಂಥ ಬೀಜ, ಸಕ್ಕರೆ ಸೇರಿದ ಮಿಠಾಯಿ), ವೆನಿಲ್ಲಾ. ಧಾರವಾಡ ಬರುವಷ್ಟರಲ್ಲಿ ಆ ಕೈ ಪೇಡಾ ಡಬ್ಬಿ ತೆರೆದ ಹಾಗಾಗಿತ್ತು. ಹಸಿವಾಯ್ತು, ಅದು ಬೇರೆ ಮಾತು! ಆದರೆ ಎಸಿ ಬಸ್ಸು, ಕಿಟಕಿ ಮುಚ್ಚಿತ್ತು ನೋಡಿ, ಪಕ್ಕದ ಅಜ್ಜಿ ಸೆರಗು ಮೂಗಿಗೆ ಹಿಡಿದರು. ತಪ್ಪು ನನ್ನದೇ, ಒಂದೊಂದು ಕೈಗೂ ಮೂರು ಸಲ ಹೊಡೆದಿದ್ದೆ. ಒಂದೇ ಸಾಕು.

ನಮ್ಮ ಏಪ್ರಿಲ್ ಬಿಸಿಲಲ್ಲಿ ಸಿಹಿ ಇನ್ನೂ ಜಾಸ್ತಿ ಏರುತ್ತೆ, ಅಲ್ವಾ? ಹಾಗಾಗಿ ದಿನದ ಕೆಲಸಕ್ಕೆ ನನ್ನ ಓಟು ಫ್ಲವರ್‌ಬಾಂಬ್‌ಗೆ. ಸಂಜೆ ಮದುವೆ, ಡಿಸೆಂಬರ್ ಚಳಿ ಅಂದ್ರೆ ಲಾ ವಿ ಎ ಬೆಲ್. ಯಾವುದೇ ಆದರೂ ಮೊದಲು 30 ಎಂಎಲ್ ಬಾಟಲಿ ತಗೊಳ್ಳಿ.